ವ್ಯಾಗನ್ ಹತ್ತಿದ ಮುನ್ನೂರು ಒಬ್ಬಟ್ಟು

“ಇವತ್ತಿನಿಂದ ಈ ಮನೇಲಿ ಟೆಂಪೊ ಅನ್ನೋ ಮಾತು ಯಾರ ಬಾಯಲ್ಲೂ ಬರಬಾರದು!”

ಸುಬ್ರಹ್ಮಣ್ಯಪುರದ ತಮ್ಮ ಮನೆಯ ಊಟದ ಮೇಜನ್ನು ಕುಟ್ಟಿ ಏಕಾಂತಯ್ಯನವರು ಈ ರಾಜಾಜ್ಞೆಯನ್ನು ಹೊರಡಿಸಿದಾಗ, ಅದನ್ನು ಕೇಳಿಸಿಕೊಳ್ಳಲು ಇದ್ದ ಪ್ರಜೆ ಒಬ್ಬರೇ. ಅವರು ಧರ್ಮಪತ್ನಿ ಕಮಲಾದೇವಿ. ಆಕೆ ಬೇಳೆ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ.

“ಲಕ್ಷ್ಮಮ್ಮನೋರ ಮೊಮ್ಮಗಳ ಮದುವೆ ರೀ ಇದು. ಮುನ್ನೂರು ಒಬ್ಬಟ್ಟು. ನಂಗೆ ಬಂದಿರೋ ಮೊದಲನೇ ದೊಡ್ಡ ಆರ್ಡರ್. ಭಾನುವಾರ ಹನ್ನೊಂದೂವರೆಗೆ ಅಂಜನಾಪುರದ ಛತ್ರದಲ್ಲಿರ್ಬೇಕು. ಟೆಂಪೊದವನಿಗೆ ಹೇಳ್ಬಿಡ್ತೀನಿ, ನೀವು ಸುಮ್ನಿರಿ.”

“ಮನೆ ಮುಂದೆ ವ್ಯಾಗನ್ ನಿಲ್ಲಿಸ್ಕೊಂಡು ಟೆಂಪೊಗೆ ಹೇಳ್ತೀಯಾ? ಪಟ್ಟದಾನೆ ಇರೋ ಮನೇಲಿ ಯಾರಾದ್ರೂ ಕತ್ತೆ ಬಾಡಿಗೆಗೆ ತರ್ತಾರಾ?”

“ನಿಮ್ಮ ಪಟ್ಟದಾನೆ ಎರಡು ವರ್ಷದಿಂದ ಒಂದು ಮೂಟೆ ಅಕ್ಕಿ ಹೊತ್ತಿಲ್ಲ.”

ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಏಕಾಂತಯ್ಯನವರಿಗೆ ಉತ್ತರಹಳ್ಳಿ ರಸ್ತೆಯಲ್ಲಿ ಪ್ಲೈವುಡ್ ಅಂಗಡಿ, ಮನೆಯ ಮುಂದೆ ಎರಡು ವರ್ಷದ ಹಿಂದೆ ಕೊಂಡ ಎಪ್ಪತ್ತೆಂಟನೇ ಇಸವಿಯ ಅಂಬಾಸಿಡರ್ ಎಸ್ಟೇಟ್. ಎಸ್ಟೇಟ್ ಎಂದರೆ ತೋಟವಲ್ಲ, ಸ್ಟೇಷನ್ ವ್ಯಾಗನ್. ಕಾರಿನ ಸೂರು ಡಿಕ್ಕಿಯ ಮೇಲೂ ಚಾಚಿಕೊಂಡು, ಹಿಂದೆ ಒಂದು ಪುಟ್ಟ ಕೋಣೆಯೇ ಆಗಿರುತ್ತದಲ್ಲ, ಆ ಜಾತಿಯದು. ಸಾಮಾನು ಹೊರಲೆಂದೇ ಹುಟ್ಟಿದ ಗಾಡಿ. ಆದರೆ ಅದರೊಳಗೆ ಸಾಮಾನು ಇಡಲು ಏಕಾಂತಯ್ಯನವರು ನರಪಿಳ್ಳೆಗೂ ಬಿಟ್ಟವರಲ್ಲ! ಅಕ್ಕಿ ಮೂಟೆ ಇಟ್ಟರೆ ಧೂಳು. ತರಕಾರಿ ಇಟ್ಟರೆ ವಾಸನೆ. ಅತ್ತೆಯವರ ಸೂಟ್‌ಕೇಸ್ ಇಟ್ಟರೆ ಗೀರು. ಅತ್ತೆಯವರೂ ಸೂಟ್‌ಕೇಸೂ ಆಟೋದಲ್ಲಿ ಬಂದರು. ಮದುವೆಗೆ ಮುಂಚೆಯೇ ಡ್ರೈವಿಂಗ್ ಕಲಿತಿದ್ದ ಕಮಲಾದೇವಿಗೂ ಸ್ಟಿಯರಿಂಗ್ ಮುಟ್ಟಲು ಅಪ್ಪಣೆಯಿರಲಿಲ್ಲ. ಅಷ್ಟೇಕೆ, ಅವರದೇ ಅಂಗಡಿಯ ಪ್ಲೈವುಡ್ ಹಾಳೆಗಳು ಹೋಗುತ್ತಿದ್ದದ್ದೂ ಟೆಂಪೊದಲ್ಲೇ.

ಇಷ್ಟಕ್ಕೆಲ್ಲ ಮೂಲ ‘ದಕ್ಷಿಣ ಬೆಂಗಳೂರು ವ್ಯಾಗನ್ ಅಭಿಮಾನಿಗಳ ವೇದಿಕೆ’. ಒಂಬತ್ತು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಜಯನಗರದ ಒಂದು ಪಾರ್ಕಿನಲ್ಲಿ ಸೇರಿ, ‘ಆದರ್ಶ ಕ್ಲಾಸಿಕ್ ಸ್ಟೇಷನ್ ವ್ಯಾಗನ್ ಯಾವುದು’ ಎಂಬ ಏಕೈಕ ಪ್ರಶ್ನೆಯನ್ನು ಈ ಮಹನೀಯರು ಚರ್ಚಿಸುತ್ತ ಬಂದಿದ್ದಾರೆ. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದ ಸೇತುರಾಮ ಅವರ ಪ್ರಕಾರ ಎರಡೂ ಪಕ್ಕ ಮರದ ಪಟ್ಟಿ ಇರಲೇಬೇಕು. ಮರವಿಲ್ಲದ್ದು ವ್ಯಾಗನ್ನೇ ಅಲ್ಲ, ಬರೀ ಎಳೆದು ಉದ್ದ ಮಾಡಿದ ಕಾರು. ಹಲ್ಲಿನ ಡಾಕ್ಟರ್ ಭಾರ್ಗವ ಅವರ ಪ್ರಕಾರ ಮರ ಗಿರ ಎಲ್ಲ ಶೋಕಿ. ವ್ಯಾಗನ್ನಿನ ಬೆನ್ನು ಗೋಡೆಯ ಹಾಗೆ ನೆಟ್ಟಗಿರಬೇಕು. ಹಿಂದಿನ ಗಾಜು ಎರಡು ಡಿಗ್ರಿ ಓರೆಯಾದರೂ ಅದು ಮೋಸ! ಹಿಂಬಾಗಿಲು ಮೇಲಕ್ಕೆ ತೆರೆಯಬೇಕೋ ಪಕ್ಕಕ್ಕೆ ತೆರೆಯಬೇಕೋ ಎಂಬ ವಿಚಾರದಲ್ಲಿ ಜಗಳವಾಗಿ ಇಬ್ಬರು ಸದಸ್ಯರು ಯುಗಾದಿಯಿಂದ ಮಾತು ಬಿಟ್ಟಿದ್ದಾರೆ. ವ್ಯಾಗನ್ನಿಗೆ ಒಬ್ಬರು ಸ್ವೀಡನ್ ಅಂದರೆ ಇನ್ನೊಬ್ಬರು ಜರ್ಮನಿ, ಮೂರನೆಯವರು ಇಂಗ್ಲೆಂಡು. ಇವರು ಯಾರೂ ಆ ದೇಶಗಳನ್ನು ನೋಡಿದವರಲ್ಲ, ಗಾಡಿಗಳನ್ನಂತೂ ಮೊಬೈಲಿನಲ್ಲಿ ಮಾತ್ರ ನೋಡಿದವರು.

ಇನ್ನೊಂದು ಗುಟ್ಟು ಹೇಳಿಬಿಡುತ್ತೇನೆ, ಬಿದ್ದು ನಗಬೇಡಿ. ಈ ವೇದಿಕೆಯ ಇಪ್ಪತ್ತೆರಡು ಸದಸ್ಯರ ಪೈಕಿ ವ್ಯಾಗನ್ ಇದ್ದದ್ದು ಒಬ್ಬರ ಬಳಿ! ಸೇತುರಾಮ ಬರುತ್ತಿದ್ದದ್ದು ಹಿರಿಯ ನಾಗರಿಕರ ಪಾಸಿನಲ್ಲಿ, ಬಿಎಂಟಿಸಿ ಬಸ್ಸಿನಲ್ಲಿ. ಭಾರ್ಗವ ಬರುತ್ತಿದ್ದದ್ದು ಕರೆಂಟಿನ ಸ್ಕೂಟರಿನಲ್ಲಿ. ಉಳಿದವರನ್ನು ಅಳಿಯಂದಿರು ತಂದು ಬಿಟ್ಟು ಹೋಗುತ್ತಿದ್ದರು. ಹೀಗಾಗಿ ಏಕಾಂತಯ್ಯನವರು ಆ ಸಭೆಗೆ ಚಕ್ರವರ್ತಿ. ಪ್ರತಿವಾರ ಇಪ್ಪತ್ತೊಂದು ಜನ ಅವರ ಗಾಡಿಗೆ ಪ್ರದಕ್ಷಿಣೆ ಹಾಕಿ, ಏನೇನು ಸರಿಯಿಲ್ಲ ಎಂದು ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು.

ಹಾಂ, ಆ ಭಾನುವಾರ. ಮದುವೆಯಿದ್ದ ದಿನವೇ ಜಯನಗರದ ಶಾಲಾ ಮೈದಾನದಲ್ಲಿ ವೇದಿಕೆಯ ವಾರ್ಷಿಕ ಹಳೇ ಕಾರು ಪ್ರದರ್ಶನವಿತ್ತು, ಊರಿನ ಯಾರು ಬೇಕಾದರೂ ಗಾಡಿ ತರಬಹುದಿತ್ತು. ವ್ಯಾಗನ್ ವಿಭಾಗಕ್ಕೆ ಪ್ರತ್ಯೇಕ ಬಹುಮಾನವೂ ಇತ್ತು. ಈ ವಿಷಯವನ್ನು ಏಕಾಂತಯ್ಯನವರು ಹೆಂಡತಿಗೆ ಹೇಳಲಿಲ್ಲ. ಎಂಟಕ್ಕೆ ಮನೆ ಬಿಡುವುದು, ಎಂಟೂವರೆಗೆ ಜಯನಗರ, ಹತ್ತಕ್ಕೆ ಅಲ್ಲಿಂದ ಹೊರಟರೆ ಹತ್ತೂ ಮುಕ್ಕಾಲಿಗೆ ಅಂಜನಾಪುರ. ‘ದಾರೀಲೇ ಅಲ್ವಾ’ ಎಂದು ತಮಗೆ ತಾವೇ ಹೇಳಿಕೊಂಡರು. ಸುಬ್ರಹ್ಮಣ್ಯಪುರದಿಂದ ಅಂಜನಾಪುರಕ್ಕೆ ದಕ್ಷಿಣಕ್ಕೆ ಹೋಗಬೇಕು, ಜಯನಗರ ಇರುವುದು ಉತ್ತರಕ್ಕೆ. ಬಹುಮಾನದ ಆಸೆ ಹತ್ತಿದವನಿಗೆ ದಿಕ್ಕು ಯಾವ ಲೆಕ್ಕ!

ಶನಿವಾರ ಮಧ್ಯಾಹ್ನದಿಂದ ಕಮಲಾದೇವಿ ಮತ್ತು ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರು ಕೂತು ತಟ್ಟಿದ್ದೇ ತಟ್ಟಿದ್ದು. ಭಾನುವಾರ ಬೆಳಿಗ್ಗೆ ಆರು ಬಿದಿರು ಬುಟ್ಟಿಗಳಲ್ಲಿ ಬಾಳೆಲೆ ಹಾಸಿ, ಬುಟ್ಟಿಗೆ ಐವತ್ತರಂತೆ ಜೋಡಿಸಿ, ಬಿಳಿ ಪಂಚೆ ಹೊದಿಸಿ ವ್ಯಾಗನ್ನಿಗೆ ಹತ್ತಿಸಿದ್ದಾಯಿತು. ಏಕಾಂತಯ್ಯನವರೂ ಸುಮ್ಮನಿರಲಿಲ್ಲ. ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದರು. ಚೆಂಡು ಹೂವಿನ ಹಾರ ಹಾಕಿದರು. ಡ್ಯಾಷ್‌ಬೋರ್ಡಿಗೆ ಊದುಬತ್ತಿ ಸಿಕ್ಕಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟರು.

“ಮದುವೆಗೆ ಒಬ್ಬಟ್ಟು ಕೊಟ್ಟು ಬರೋಕೆ ಇಷ್ಟೆಲ್ಲ ಪೂಜೆ ಯಾಕ್ರೀ?”

“ನಿನ್ನ ಮೊದಲನೇ ದೊಡ್ಡ ಆರ್ಡರ್ ಕಣೇ!”

ಕಮಲಾದೇವಿಗೆ ಕಣ್ಣು ತುಂಬಿ ಬಂತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಗಂಡ ತನ್ನ ಕೆಲಸಕ್ಕೆ ಹೂ ಏರಿಸಿದ್ದು ಇದೇ ಮೊದಲು. “ನಿಮ್ಮನ್ನ ನಂಬಿದೀನಿ. ಎಲ್ಲೂ ನಿಲ್ಲಿಸ್ಬೇಡಿ. ಮನೆ ಒರೆಸಿ ಸ್ನಾನ ಮಾಡಿ ನಾನೂ ಆಟೋದಲ್ಲಿ ಬಂದ್ಬಿಡ್ತೀನಿ,” ಎಂದರು.

“ನಿಲ್ಲಿಸೋ ಮಾತೇ ಇಲ್ಲ!” ನಿಂಬೆಹಣ್ಣು ಚಪ್ಪಟೆಯಾಯಿತು. ವ್ಯಾಗನ್ ಗಂಭೀರವಾಗಿ ಬೀದಿಯ ಕೊನೆಯವರೆಗೆ ಹೋಗಿ, ಕಮಲಾದೇವಿಯ ಕಣ್ಣಿಗೆ ಮರೆಯಾದ ಕೂಡಲೇ ಉತ್ತರಕ್ಕೆ ತಿರುಗಿತು.

ಮೈದಾನದಲ್ಲಿ ಮುಖ್ಯ ತೀರ್ಪುಗಾರರಾದ ಪರಮಶಿವಯ್ಯನವರು ಭೂತಗನ್ನಡಿ ಹಿಡಿದು ಕಾದಿದ್ದರು. ಹೊಟ್ಟೆಯ ಮೇಲೆ ಟೈ, ಕಂಕುಳಲ್ಲಿ ಅಂಕಪಟ್ಟಿ. ಸ್ಕ್ರೂ ಸ್ಕ್ರೂ ನೋಡಿ ಅಂಕ ಕಳೆಯುವುದರಲ್ಲಿ ಅವರು ನಿಸ್ಸೀಮರು.

“ಹಿಂಬಾಗಿಲು ತೆಗೀರಿ,” ಎಂದರು.

ಏಕಾಂತಯ್ಯನವರು ತೆಗೆದರು. ಪರಮಶಿವಯ್ಯನವರು ಬುಟ್ಟಿಗೆ ಹೊದಿಸಿದ್ದ ಪಂಚೆಯ ತುದಿ ಎತ್ತಿದರು. ತುಪ್ಪದ ಘಮ ಮೈದಾನಕ್ಕೆಲ್ಲ ಹರಡಿತು.

“ಆಹಾ! ಪಿಕ್‌ನಿಕ್ ಡಿಸ್‌ಪ್ಲೇ! ಹಳೇ ಕಾಲದಲ್ಲಿ ವ್ಯಾಗನ್ ಹಿಂದೆ ತಿಂಡಿ ಬುಟ್ಟಿ ಇಟ್ಕೊಂಡು ನಂದಿಬೆಟ್ಟಕ್ಕೆ ಹೋಗ್ತಿದ್ರು. ಬಿದಿರು ಬುಟ್ಟಿ, ಬಾಳೆ ಎಲೆ... ಒಂದು ಪ್ಲಾಸ್ಟಿಕ್ ಇಲ್ಲ! ಹತ್ತಕ್ಕೆ ಹತ್ತು ಅಂಕ! ಡಿಸ್‌ಪ್ಲೇನೇ ಅಲ್ವಾ ಇದು?”

ನೋಡಿ, ಇಲ್ಲೇ ಇರುವುದು ಮನುಷ್ಯನ ಪತನ. ‘ಅಲ್ಲ ಸಾರ್, ಇದು ಮದುವೆ ಮನೆಯದು’ ಎಂದು ಐದು ಪದ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹತ್ತಕ್ಕೆ ಹತ್ತು!

“ಹೌದು ಸಾರ್, ಅದೇ,” ಎಂದರು ಏಕಾಂತಯ್ಯ.

“ರುಚಿ ನೋಡಬಹುದಾ?”

“ಒಂದೇ ಒಂದು, ಸಾರ್.”

ಪರಮಶಿವಯ್ಯನವರು ಒಂದನ್ನು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಗಾಡಿಯ ಮುಂಭಾಗದಲ್ಲಿ ಗಲಾಟೆ ಶುರುವಾಗಿತ್ತು. “ಪ್ಲೈವುಡ್ ವ್ಯಾಪಾರಿ ಗಾಡೀಲೇ ಮರ ಇಲ್ಲ ಅಂದ್ರೆ ನಾಚ್ಕೆಗೇಡು!” ಎಂದು ಸೇತುರಾಮ ಕೂಗುತ್ತಿದ್ದರು. “ಮರಕ್ಕೆ ಗೆದ್ದಲು ಹಿಡಿಯುತ್ತೆ, ಸ್ವಾಮಿ!” ಎಂದು ಭಾರ್ಗವ. “ಹಿಡೀಲಿ! ಅದೇ ಒರಿಜಿನಾಲಿಟಿ!” ಎಂದು ಸೇತುರಾಮ. ತಮ್ಮ ಗಾಡಿಯ ಮಾನ ಹೋಗುತ್ತಿರುವಾಗ ಏಕಾಂತಯ್ಯನವರು ಹಿಂಬಾಗಿಲು ಕಾಯುತ್ತ ನಿಲ್ಲುತ್ತಾರೆಯೇ? ಪಂಚೆ ಎತ್ತಿ ಕಟ್ಟಿ ಚರ್ಚೆಗೆ ಧುಮುಕಿದರು. ಮರದ ಪಟ್ಟಿಯಿಂದ ಮಾತು ಲಗೇಜ್ ಕ್ಯಾರಿಯರಿಗೆ ಹೋಯಿತು, ಅಲ್ಲಿಂದ ಹಾರ್ನಿಗೆ, ಹಾರ್ನಿನಿಂದ ನೇರವಾಗಿ ಸ್ವೀಡನ್ನಿಗೆ. ಹತ್ತು ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ.

ಹತ್ತೂವರೆಗೆ ಫೋನು ಬಂತು. “ಎಲ್ಲಿದೀರ?”

“ದಾರೀಲಿದೀನಿ ಕಮಲಾ.” ಬೆಂಗಳೂರಿನಲ್ಲಿ ಹಾಸಿಗೆಯಲ್ಲಿ ಮಲಗಿರುವವನೂ ಕೊಡುವ ಉತ್ತರ ಇದೇ ತಾನೆ!

“ಎರಡೂವರೆ ಗಂಟೆಯಿಂದ ದಾರೀಲೇ ಇದೀರಾ?”

“ಟ್ರಾಫಿಕ್ಕು ಕಣೇ, ವಿಪರೀತ!”

“ಮೈಕಲ್ಲಿ ಯಾರೋ ಬಹುಮಾನ ಅಂತಿದಾರಲ್ಲ?”

“ಯಾವ್ದೋ ಪಾರ್ಟಿಯವರ ಮೀಟಿಂಗು,” ಎಂದು ಫೋನಿಟ್ಟು, ಮತ್ತೆ ಭಾರ್ಗವರ ಕಡೆ ತಿರುಗಿ, “ಹಾಂ, ಓರೆ ಗಾಜಿನ ವಿಷಯ ಏನಂದ್ರಿ?” ಎಂದರು.

ಇನ್ನೂ ಕಾಲು ಗಂಟೆ ಕಳೆದಿರಬಹುದು. ಕೆಂಪು ಸೀರೆಯ ಹೆಂಗಸೊಬ್ಬರು ಬಂದು ಏಕಾಂತಯ್ಯನವರಿಗೆ ಭಕ್ತಿಯಿಂದ ಕೈ ಮುಗಿದರು. ಅಂಗೈಯಲ್ಲಿ ಹತ್ತು ರೂಪಾಯಿಯ ನಾಣ್ಯವಿತ್ತು.

“ಸಾರ್, ಹುಂಡಿ ಎಲ್ಲಿಟ್ಟಿದೀರಾ?”

“ಯಾವ ಹುಂಡಿ ಅಮ್ಮ?”

“ಪ್ರಸಾದ ತಗೊಂಡ್ವಲ್ಲ, ಕಾಣಿಕೆ ಹಾಕ್ಬೇಕಿತ್ತು. ಯಾವ ದೇವಸ್ಥಾನದ ಗಾಡಿ ಸಾರ್ ಇದು?”

ಏಕಾಂತಯ್ಯನವರು ಓಡಿ ಗಾಡಿಯ ಹಿಂದಕ್ಕೆ ಬಂದರು. ಬಂದು ನೋಡಿದರೆ ಸಾಲು! ಹಿಂಬಾಗಿಲಿನಿಂದ ಶಾಲೆಯ ಗೇಟಿನವರೆಗೆ, ಅಲ್ಲಿಂದ ತಿರುಗಿ ಎಳನೀರಿನ ಗಾಡಿಯವರೆಗೆ! ಬಾನೆಟ್ಟಿನ ಮೇಲೆ ವಿಭೂತಿ, ಹೂವಿನ ಹಾರ, ಊದುಬತ್ತಿ ಪರಿಮಳ, ಹಿಂದೆ ಬಾಳೆಲೆಯ ಮೇಲೆ ಒಬ್ಬಟ್ಟು. ಇಷ್ಟು ಕಂಡ ಮೇಲೆ ಜಯನಗರದ ಆಸ್ತಿಕರಿಗೆ ಇನ್ನೇನು ಹೇಳಿಕೊಡಬೇಕು? ಯಾರೋ ಇಬ್ಬರು ಪುಣ್ಯಾತ್ಮರು ತಾವಾಗಿಯೇ ನಿಂತು ಹಂಚುತ್ತಿದ್ದರು. ಜನ ಬಲಗೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದರು. ಮನೆಯಲ್ಲಿ ವಯಸ್ಸಾದವರಿದ್ದಾರೆ ಎಂದು ಎರಡು ಜಾಸ್ತಿ ಕೇಳುತ್ತಿದ್ದರು. ವಾಕಿಂಗಿಗೆ ಬಂದವರಲ್ಲಿ ಕೆಲವರು ಎರಡನೇ ಸಲ ಸಾಲಿನಲ್ಲಿದ್ದರು. ಪರಮಶಿವಯ್ಯನವರ ಟೈಗೆ ತುಪ್ಪ ಮೆತ್ತಿತ್ತು.

“ನಿಲ್ಸಿ! ನಿಲ್ಸ್ರೀ! ಇದು ಪ್ರಸಾದ ಅಲ್ಲ!”

“ಏನ್ ಅಂಕಲ್, ದೇವರ ಹೆಸರಲ್ಲಿ ಹಂಚೋದಕ್ಕೂ ಹೀಗೆ ಎಗರಾಡ್ತೀರಲ್ಲ,” ಎಂದು ಸಾಲಿನಲ್ಲಿದ್ದವನೊಬ್ಬ ಬೇಸರಪಟ್ಟ. ಏಕಾಂತಯ್ಯನವರು ಐದು ಬುಟ್ಟಿಗಳನ್ನು ತಡಕಾಡಿ, ಆರನೆಯದನ್ನು ಮುಟ್ಟಿ ನೋಡಿ ಎಣಿಸಿದರು. ಎಂಬತ್ತು ಉಳಿದಿದ್ದವು.

ಏಕಾಂತಯ್ಯನವರಿಗೆ ಮೊದಲು ಹೊಳೆದದ್ದು ಗಾಡಿ ಕೆಟ್ಟಿತೆಂಬ ಸುಳ್ಳು, ಆಮೇಲೆ ಅಪಘಾತವಾಯಿತೆಂಬ ಸುಳ್ಳು. ಬೆಳಿಗ್ಗೆ ತುಂಬಿ ಬಂದ ಹೆಂಡತಿಯ ಕಣ್ಣು ನೆನಪಾಗಿ ಎರಡೂ ಗಂಟಲಲ್ಲೇ ಸಿಕ್ಕಿಕೊಂಡವು. ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಆ ಕಡೆಯಿಂದ ಬಯ್ಗುಳ ಬಂದಿದ್ದರೆ ಜೀವಕ್ಕೆ ಹಾಯೆನಿಸುತ್ತಿತ್ತು. ಅದು ಬರಲಿಲ್ಲ.

ಕಮಲಾದೇವಿ ಕೇಳಿದರು: “ನಿಮ್ಮ ಗಾಡೀಲಿ ಎಷ್ಟು ಜನ ಹಿಡೀತಾರೆ?”

“ನಾನೂ ಸೇರಿ ಎಂಟು.”

“ತಿಂದೋರಲ್ಲಿ ಏಳು ಜನನ್ನ ತುಂಬ್ಕೊಂಡು ಛತ್ರಕ್ಕೆ ಬನ್ನಿ. ಈಗ್ಲೇ.”

ಮುಂದಿನ ಉದ್ದ ಸೀಟಿನಲ್ಲಿ ಮೂವರು, ನಡುವೆ ಮೂವರು, ಹಿಂದೆ ಬುಟ್ಟಿಗಳ ಜೊತೆ ಇಬ್ಬರು. ಸೇತುರಾಮ, ಭಾರ್ಗವ, ಪರಮಶಿವಯ್ಯ ಮತ್ತು ಬಾಯಿ ಒರೆಸಿಕೊಳ್ಳುತ್ತಿದ್ದ ಇನ್ನೂ ನಾಲ್ವರು ಸದಸ್ಯರು ಹತ್ತಿದರು. ‘ಬರಲ್ಲ’ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ, ಏಕೆಂದರೆ ಏಕಾಂತಯ್ಯನವರ ಮುಖ ಹಾಗಿತ್ತು. ಬನಶಂಕರಿ ದಾಟುವಾಗ ಹಿಂದಿನಿಂದ ಭಾರ್ಗವರ ದನಿ ಕೇಳಿಸಿತು: “ಏಕಾಂತಯ್ಯನೋರೇ, ಈ ಹಿಂದಿನ ಬಾಗಿಲು ಒಳಗಿಂದ ತೆಗಿಯೋಕೆ ಬರಲ್ವಾ?”

“ಒಂಬತ್ತು ವರ್ಷದಿಂದ ಹಿಂಬಾಗಿಲ ಬಗ್ಗೆ ಭಾಷಣ ಮಾಡ್ತಿದೀರಿ, ಗೊತ್ತಿಲ್ವಾ ನಿಮಗೆ?”

“ವ್ಯಾಗನ್ ಒಳಗೆ ಕೂತಿದ್ದು ಇದೇ ಮೊದಲ ಸಲ,” ಎಂದರು ಭಾರ್ಗವ. ಉಳಿದ ಆರು ಜನ ಕಿಟಕಿಯಾಚೆ ನೋಡತೊಡಗಿದರು.

ಛತ್ರದ ಅಡುಗೆಮನೆಯಲ್ಲಿ ಕಮಲಾದೇವಿ ಸೆರಗು ಸಿಕ್ಕಿಸಿ ನಿಂತಿದ್ದರು. ಸೋಮವಾರ ಅರೆಕೆರೆಯ ಗೃಹಪ್ರವೇಶಕ್ಕೆಂದು ರುಬ್ಬಿಟ್ಟಿದ್ದ ಹೂರಣವನ್ನೆಲ್ಲ ಹೊತ್ತು ತಂದಿದ್ದರು, ಕಣಕ ಕಲಸಿಯಾಗಿತ್ತು. ಅಡುಗೆ ಭಟ್ಟರನ್ನು ಕಾಡಿ ಬೇಡಿ ಎರಡು ದೊಡ್ಡ ಕಾವಲಿ ಹಿಡಿದಿದ್ದರು. ಗಂಡನ ಕಡೆ ನೋಡಲೂ ಇಲ್ಲ.

“ಕೈ ತೊಳ್ಕೊಂಡು ಕೂತ್ಕೊಳಿ. ಇನ್ನೂರ ಇಪ್ಪತ್ತು ಬೇಕು.”

ಅಭಿಮಾನಿಗಳು ಕೂತರು, ತಟ್ಟತೊಡಗಿದರು. ಎರಡು ನಿಮಿಷ ಶಾಂತಿಯಿತ್ತು. ಆಮೇಲೆ ಸೇತುರಾಮ ಹೂರಣದ ಉಂಡೆಯನ್ನು ಬೆಳಕಿಗೆ ಹಿಡಿದು ನೋಡಿ, “ಆದರ್ಶ ಒಬ್ಬಟ್ಟು ಅಂದ್ರೆ ಕಡ್ಲೇಬೇಳೇದು. ತೊಗರಿಬೇಳೆ ಒಬ್ಬಟ್ಟು ಒಬ್ಬಟ್ಟೇ ಅಲ್ಲ,” ಎಂದರು.

“ಬೇಳೆ ಯಾವ್ದಾದ್ರೇನು? ಅಂಚು ತೆಳ್ಳಗಿರ್ಬೇಕು. ಅಂಚು ದಪ್ಪ ಆದ್ರೆ ಮೋಸ!” ಎಂದರು ಭಾರ್ಗವ.

“ಕಾಯಿ ಒಬ್ಬಟ್ಟನ್ನ ಪ್ರತ್ಯೇಕ ವಿಭಾಗ ಮಾಡ್ಬೇಕು,” ಎಂದರು ಪರಮಶಿವಯ್ಯ.

ಕಮಲಾದೇವಿ ಮಗುಚುವ ಕೈಯಿಂದ ಕಾವಲಿಗೆ ಠಣ್ಣೆಂದು ಬಾರಿಸಿದರು. “ಇದುವರೆಗೂ ಎಷ್ಟು ಒಬ್ಬಟ್ಟು ತಟ್ಟಿದೀರಿ ನೀವು?”

“ತಟ್ಟಿಲ್ಲ ಮೇಡಂ, ಆದ್ರೆ ನನ್ನ ಅಭಿಪ್ರಾಯದಲ್ಲಿ...”

“ಅಭಿಪ್ರಾಯನ ಎಲೆಗೆ ಬಡಿಸೋಕಾಗಲ್ಲ ಸಾರ್. ತಟ್ಟಿ!”

ಆ ಸದ್ದಡಗಿದ ಹೊತ್ತಿನಲ್ಲಿ ಪರಮಶಿವಯ್ಯನವರು ಏಕಾಂತಯ್ಯನವರ ಕಿವಿಯ ಹತ್ತಿರ ಬಾಗಿದರು. “ಬೇಜಾರು ಮಾಡ್ಕೋಬೇಡಿ. ಫಲಿತಾಂಶಕ್ಕೆ ಮುಂಚೆ ಮೈದಾನ ಬಿಟ್ಟ ಗಾಡಿ ಅನರ್ಹ. ನಿಯಮ ಹದಿನಾಲ್ಕು.”

“ಹಾಗಾದ್ರೆ ವ್ಯಾಗನ್ ಬಹುಮಾನ ಯಾರಿಗೆ?”

“ಯಾರಿಗೂ ಇಲ್ಲ. ಆ ವಿಭಾಗದಲ್ಲಿ ಇದ್ದಿದ್ದೇ ನಿಮ್ಮದೊಂದು ಗಾಡಿ.”

ಹಾಗೆಂದರೆ ಏನರ್ಥ? ಹತ್ತಕ್ಕೆ ಸೊನ್ನೆ ಬಂದಿದ್ದರೂ ಬಹುಮಾನ ತಮಗೇ ಇತ್ತು! ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ! ಏಕಾಂತಯ್ಯನವರು ಉಂಡೆಯನ್ನು ಎಷ್ಟು ಸಿಟ್ಟಿನಿಂದ ತಟ್ಟಿದರೆಂದರೆ ಹೂರಣ ಆಚೆ ಬಂತು.

ಅಷ್ಟರಲ್ಲಿ ಜರಿ ಸೀರೆ ಸರಬರ ಎನ್ನಿಸುತ್ತ ಲಕ್ಷ್ಮಮ್ಮನವರೇ ಒಳಗೆ ಬಂದರು. ಅಂಜನಾಪುರ ಹಳ್ಳಿಯಾಗಿದ್ದಾಗಿನಿಂದ ಅಲ್ಲಿದ್ದ ಮನೆತನ, ಈಗ ನಾಲ್ಕು ಬೀದಿ ಬಾಡಿಗೆ ಮನೆಗಳ ಒಡತಿ.

“ಏನ್ ಕಮಲಮ್ಮ ಇದು? ಹನ್ನೊಂದೂವರೆ ಅಂದಿದ್ದೆ. ಬೀಗರು ಎಲೆ ಮುಂದೆ ಕೂತವ್ರೆ! ನನ್ನ ಮಾನ ತೆಗೀಬೇಕು ಅಂತ ಮಾಡಿದ್ದೀಯಾ?”

ಕಮಲಾದೇವಿ ಕಾವಲಿಯ ಮೇಲಿನ ಒಬ್ಬಟ್ಟು ಮಗುಚಿ ತಿರುಗಿ ನಿಂತರು. “ತಪ್ಪಾಯ್ತು ಅಮ್ಮ. ಎಂಬತ್ತು ತಂದಿದೀವಿ, ಅದನ್ನ ಬೀಗರ ಸಾಲಿಗೆ ಬಡಿಸಿ. ಮಿಕ್ಕಿದ್ದು ಕಾವಲಿಯಿಂದ ನೇರ ಎಲೆಗೆ ಬರುತ್ತೆ. ಒಬ್ಬರಿಗೂ ಕಮ್ಮಿ ಆದ್ರೆ ಕೇಳಿ.” ಗಂಡನ ಹೆಸರನ್ನು ಎತ್ತಲೇ ಇಲ್ಲ. ಏಕಾಂತಯ್ಯನವರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಹಿಟ್ಟಿನ ಕೈ ಜೋಡಿಸಿ, “ತಪ್ಪು ಆಕೇದಲ್ಲ ಅಮ್ಮ. ನಂದು,” ಎಂದರು.

ಲಕ್ಷ್ಮಮ್ಮನವರು ಅವರನ್ನು ಮೇಲಿಂದ ಕೆಳಗೆ ನೋಡಿದರು. “ನೀನ್ಯಾರಪ್ಪ ನಡುವೆ? ಒಲೆ ನೋಡ್ಕೊ ಹೋಗು, ಸೀದೋಗ್ತಾ ಐತೆ!”

ಏಕಾಂತಯ್ಯನವರು ಹೋಗಿ ಒಲೆ ನೋಡಿಕೊಂಡರು. ಎರಡು ಗಂಟೆಗೆ ಕೊನೆಯ ಎಲೆಗೆ ಕೊನೆಯ ಒಬ್ಬಟ್ಟು ಬಿತ್ತು. ಕೆಲವು ತ್ರಿಕೋನ, ಕೆಲವು ಯಾವ ಆಕಾರವೆಂದು ಹೇಳಲು ಸೇತುರಾಮ ಮೇಷ್ಟ್ರಿಗೇ ಆಗಲಿಲ್ಲ. ಆದರೆ ಉಬ್ಬಿದ ಬಿಸಿ ಒಬ್ಬಟ್ಟಿನ ಮೇಲೆ ತುಪ್ಪ ಸುರಿದಾಗ ಆಕಾರ ಕೇಳುವವರು ಯಾರು? ಬೀಗರು ತಮಗೆ ಬಂದ ಆರಿದ ಒಬ್ಬಟ್ಟು ಬಿಟ್ಟು ಪಕ್ಕದ ಸಾಲಿನ ಬಿಸಿಯದಕ್ಕೆ ಕೈ ಚಾಚಿದರಂತೆ. ಲಕ್ಷ್ಮಮ್ಮನವರು ಕೈ ತೊಳೆದು ಬಂದವರೇ, “ಶ್ರಾವಣಕ್ಕೆ ನಮ್ಮನೆ ದೇವ್ರ ಪೂಜೆ ಐತೆ ಕಮಲಮ್ಮ, ಐನೂರು ಬೇಕು. ಹಿಂಗೇ ಬಿಸಿಬಿಸಿ,” ಎಂದು ಕಮಲಾದೇವಿಯ ಕೈಗೆ ಎಲೆ ಅಡಿಕೆ ಕೊಟ್ಟರು. ಅಭಿಮಾನಿಗಳು ಕೊನೆಯ ಪಂಕ್ತಿಯಲ್ಲಿ ಉಂಡು ತುಟಿ ಪಿಟಕ್ಕೆನ್ನದೆ ಮೆಟ್ರೋ ಹತ್ತಿದರು.

ಛತ್ರದ ಹೊರಗೆ ಹೊಂಗೆ ಮರದಡಿ ವ್ಯಾಗನ್ ನಿಂತಿತ್ತು. ಏಕಾಂತಯ್ಯನವರು ಬುಟ್ಟಿಗಳನ್ನು ಒಂದೊಂದಾಗಿ ಇಟ್ಟು ಹಿಂಬಾಗಿಲು ಹಾಕಿದರು. ಛತ್ರಕ್ಕೆ ಬಂದಾಗಿನಿಂದ ಹೆಂಡತಿ ಅವರೊಂದಿಗೆ ಆಡಿದ್ದು ನಾಲ್ಕು ಮಾತು. ಆ ಮೌನಕ್ಕಿಂತ ಏನಾದರೂ ಕಳೆದುಕೊಂಡುಬಿಡುವುದೇ ಮೇಲು ಎನ್ನಿಸಿತು ಅವರಿಗೆ.

“ಕಮಲಾ, ನಂದೇ ತಪ್ಪು. ನಾಳೆನೇ ಈ ಗಾಡಿ ಮಾರಿಬಿಡ್ತೀನಿ. ಆಣೆ.”

“ಗಾಡಿ ಯಾಕ್ರೀ ಮಾರ್ಬೇಕು?” ಕಮಲಾದೇವಿ ಬಾನೆಟ್ಟಿನ ಮೇಲೆ ಕೈಯಾಡಿಸಿದರು. “ಅದೇನು ತಪ್ಪು ಮಾಡ್ತು? ತಿರುಗಿಸಿದ ಕಡೆ ತಿರುಗ್ತು. ಎಂಟು ಜನನ್ನ ಹೊತ್ಕೊಂಡು ಬಂತು. ಒಂದು ಸಲಾನೂ ಕೆಮ್ಮಲಿಲ್ಲ. ಮುನ್ನೂರು ಒಬ್ಬಟ್ಟು ಇಟ್ರೂ ಒಳಗೆ ಇನ್ನೂ ಜಾಗ ಇತ್ತು. ಇಂಥ ಗಾಡಿ ಸಿಗಲ್ಲ.”

ಏಕಾಂತಯ್ಯನವರು ಬಾನೆಟ್ಟಿನ ಹತ್ತಿರಕ್ಕೆ ಓಡಿ ಬಂದರು. ಎರಡು ವರ್ಷದಲ್ಲಿ ಆಕೆ ವ್ಯಾಗನ್ನನ್ನು ಹೊಗಳಿದ್ದು ಇದೇ ಮೊದಲು. “ಹಾಗಾದ್ರೆ ನಿನ್ನ ಪ್ರಕಾರಾನೂ ಇದೇ ಆದರ್ಶ ವ್ಯಾಗನ್ನು?”

“ಇದೇ. ಒಂದೇ ಒಂದು ಪಾರ್ಟ್ ಬದಲಾಯಿಸ್ಬೇಕು, ಅಷ್ಟೇ.”

“ಹೇಳು, ಹೇಳು! ಕಾರ್ಬ್ಯುರೇಟರಾ? ಶಾಕ್ ಅಬ್ಸಾರ್ಬರಾ?”

“ಡ್ರೈವರ್,” ಎಂದು ಕಮಲಾದೇವಿ ಕೈ ಚಾಚಿದರು. “ಕೀ ಕೊಡಿ.”